ಕೊಕ್ಕರೆಗಳು ಗೆದ್ದುಬಿಟ್ಟ ಭಾನುವಾರ

ಟೊಲೀಡೊ ಹೆರಾನ್ಸ್, ಅಂದರೆ ಕೊಕ್ಕರೆಗಳು, ಎಂಬ ಬ್ಯಾಸ್ಕೆಟ್‌ಬಾಲ್ ತಂಡದ ಐವರು ಎಳೆಯ ಆಟಗಾರರಿಗೆ ಒಂದೇ ಭಾನುವಾರ ಬೆಳಿಗ್ಗೆ ಮೊಣಕಾಲು ನೋವು ಶುರುವಾಯಿತು. ಹಿಂದಿನ ದಿನವಷ್ಟೇ ಯಾರದೋ ಮದುವೆಯಲ್ಲಿ ಮನಸಾರೆ ಕುಣಿದು ಬಂದಿದ್ದ ಮೊಣಕಾಲುಗಳು ಅವು. ತಂಡದ ಡಾಕ್ಟರು ಬಾಗಿಲಲ್ಲಿ ನಿಂತೇ ಅಷ್ಟನ್ನೂ ಪರೀಕ್ಷೆ ಮಾಡಿ, ಎಲ್ಲರಿಗೂ ವಿಶ್ರಾಂತಿ ಎಂದರು. ಹೀಗೆ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಮೊದಲಿನಿಂದ ಕೊನೆಯವರೆಗೆ ಆಡುವ ಭಾಗ್ಯ ಡೆಲ್ರಾಯ್ ಪಿಂಕ್ನಿಯ ಪಾಲಿಗೆ ಬಂತು.

ಡೆಲ್ರಾಯ್‌ಗೆ ಮೂವತ್ತನಾಲ್ಕು ವರ್ಷ. ಹನ್ನೊಂದು ವರ್ಷದಲ್ಲಿ ಏಳು ಊರಿನ ತಂಡಗಳನ್ನು ನೋಡಿದ್ದ, ಹೆಚ್ಚಾಗಿ ಬೆಂಚಿನ ಮೇಲೆ ಕೂತು. ಬೇರೆಯವರು ಚೆಂಡು ಹಾಕಿದಾಗ ಎದ್ದು ನಿಂತು ಟವೆಲ್ ಬೀಸುವುದರಲ್ಲಿ ಅವನನ್ನು ಮೀರಿಸುವವರು ಇಡೀ ಲೀಗಿನಲ್ಲಿ ಇರಲಿಲ್ಲ. ಅವನ ಕೈಯಿಂದ ಹೊರಟ ಚೆಂಡು ಮಾತ್ರ ರಿಂಗಿನ ತನಕ ನೆಟ್ಟಗೆ ಹೋಗಿ, ಒಳಗೆ ಬೀಳುವ ಮುಂಚೆ ಏನೋ ನೆನಪಾದಂತೆ ಎಡಕ್ಕೆ ತಿರುಗಿಕೊಳ್ಳುತ್ತಿತ್ತು.

ಈ ವರ್ಷದೊಂದಿಗೆ ಅವನ ಒಪ್ಪಂದ ಮುಗಿಯುತ್ತಿತ್ತು. ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಮ್ಯಾನೇಜರ್ ಗ್ರೇಡನ್‌ನ ಇಷ್ಟ. ಬಿಟ್ಟರೆ ಡೆಲ್ರಾಯ್ ಸ್ವತಂತ್ರ. ಇಪ್ಪತ್ತೈದು ವರ್ಷದವನು ಸ್ವತಂತ್ರನಾದರೆ ನಾಲ್ಕು ಊರಿನವರು ವಿಮಾನ ಕಳಿಸುತ್ತಾರೆ. ಮೂವತ್ತನಾಲ್ಕರವನು ಸ್ವತಂತ್ರನಾದರೆ ಅವನ ಫೋನು ಕೆಟ್ಟಿದೆಯೇನೋ ಎಂದು ಅವನೇ ಎತ್ತಿ ಎತ್ತಿ ನೋಡಬೇಕಾಗುತ್ತದೆ.

ಡೆಲ್ರಾಯ್‌ಗೆ ಟೊಲೀಡೊ ಬಿಟ್ಟು ಹೋಗಲು ಸುತರಾಂ ಇಷ್ಟವಿರಲಿಲ್ಲ. ಮಗಳು ಇಮಾನಿಗೆ ಜೀವನದಲ್ಲಿ ಮೊದಲ ಬಾರಿ ಎರಡು ವರ್ಷ ಒಂದೇ ಶಾಲೆ ಸಿಕ್ಕಿತ್ತು. ಹೆಂಡತಿ ಇವಾನ್ ಹಿತ್ತಲಿನಲ್ಲಿ ಟೊಮ್ಯಾಟೊಗೆ ಪಾತಿ ಮಾಡಿದ್ದಳು. ಹಿಂದಿನ ಆರು ಊರಿನಲ್ಲಿ ಅವಳು ಒಂದು ಹೂವಿನ ಕುಂಡವನ್ನೂ ಇಟ್ಟವಳಲ್ಲ.

"ಮಣ್ಣಿಗೆ ಕೈ ಹಾಕಿದೀನಿ, ನೆನಪಿಟ್ಕೋ," ಎಂದಿದ್ದಳು ಅವಳು. "ಇನ್ನೊಂದ್ಸಲ ಡಬ್ಬ ಕಟ್ಟು ಅಂದ್ರೆ ನಿನ್ನನ್ನೇ ಡಬ್ಬಕ್ಕೆ ಹಾಕಿ ಅಂಟಿಸ್ತೀನಿ."

ಅಂದು ಬೆಳಿಗ್ಗೆ ಕಾಫಿ ಇನ್ನೂ ಆರಿರಲಿಲ್ಲ, ಪಕ್ಕದ ಮನೆಯ ಬರ್ನೀಸ್ ವೊಯ್ಚಿಕ್ ಪಿಯೆರೋಗಿ ಎಂಬ ಪೋಲಿಷ್ ಕಡುಬಿನ ತಟ್ಟೆ ಹಿಡಿದು ಬಂದರು. ಇವರಿದ್ದ ಮನೆಯ ಒಡತಿಯೂ ಅವರೇ. ಎಪ್ಪತ್ತೆರಡು ವರ್ಷ, ಆದರೆ ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ಪಾತ್ರೆ ಬಿದ್ದರೂ ಸದ್ದಿನ ಮೇಲೆ ಹೇಳಬಲ್ಲವರು.

"ತಿನ್ನಪ್ಪ, ಹೊಟ್ಟೆ ತುಂಬಾ ತಿನ್ನು. ಓಡೋಕೇ ಆಗಬಾರದು, ಹಾಗೆ ತಿನ್ನು," ಎಂದರು ಬರ್ನೀಸ್. "ಇವತ್ತು ನಮ್ಮೂರಿನ ಮಾನ ನಿನ್ನ ಕೈಲಿದೆ. ದಯವಿಟ್ಟು ಗೆಲ್ಲಬೇಡ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಈ ಲೀಗಿನ ನ್ಯಾಯವೇ ಅಂಥದ್ದು. ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಹಂಚುವಾಗ ಯಾರು ಮೊದಲು ಆರಿಸಿಕೊಳ್ಳಬೇಕೆಂದು ಚೀಟಿ ಎತ್ತುತ್ತಾರೆ. ಎಲ್ಲರಿಗಿಂತ ಹೆಚ್ಚು ಸೋತವರ ಹೆಸರಿನ ಚೀಟಿ ಎಲ್ಲರಿಗಿಂತ ಹೆಚ್ಚು. ಈ ವರ್ಷ ಬರಲಿದ್ದವನು ಲಾಟ್ವಿಯಾದ ಒಬ್ಬ ಹುಡುಗ, ಏಳು ಅಡಿ ಮೂರು ಇಂಚು. ಅವನು ಸಿಕ್ಕರೆ ಮುಂದಿನ ಹತ್ತು ವರ್ಷ ಚಿಂತೆಯಿಲ್ಲ. ಆ ಹುಡುಗನ ಆಸೆಗೆ ಟೊಲೀಡೊದವರು ಚಳಿಗಾಲವಿಡೀ ನಿಷ್ಠೆಯಿಂದ ಸೋತಿದ್ದರು. ದುರದೃಷ್ಟಕ್ಕೆ ಒಮಾಹಾದವರೂ ಅಷ್ಟೇ ನಿಷ್ಠೆಯಿಂದ ಸೋತಿದ್ದರು. ಎರಡೂ ತಂಡಗಳ ಸೋಲು ಸರಿಸಮ, ಕೊನೆಯ ಪಂದ್ಯ ಇವರಿಬ್ಬರ ನಡುವೆಯೇ.

"ಸೋತು ಬಾ," ಎಂದರು ಬರ್ನೀಸ್, ದನಿ ತಗ್ಗಿಸಿ. "ಈ ಮನೆ ನಿಮಗೇ ಮಾರ್ತೀನಿ. ನನ್ನ ತಮ್ಮ ಕೇಳ್ತಾ ಇದಾನೆ, ಅವನಿಗೂ ಕೊಡಲ್ಲ."

ಇವಾನ್ ಗಂಡನ ಮುಖ ನೋಡಿದಳು. ಡೆಲ್ರಾಯ್ ಇನ್ನೊಂದು ಪಿಯೆರೋಗಿ ಬಾಯಿಗೆ ಹಾಕಿಕೊಂಡ.

ಚರ್ಚಿನಲ್ಲೂ ಅದೇ ಕತೆ. ಪಾದ್ರಿಗಳು ಕೊನೆಯ ಪ್ರಾರ್ಥನೆಯಲ್ಲಿ, "ಪ್ರಭುವೇ, ನಮ್ಮ ಹುಡುಗರಿಗೆ ಇನ್ನೊಂದು ದಿನದ ಮಟ್ಟಿಗೆ ವಿನಯ ಕೊಡು" ಎಂದು ಬೇಡಿಕೊಂಡಾಗ ಇಡೀ ಸಭೆ ಎಂದೂ ಇಲ್ಲದಷ್ಟು ಗಟ್ಟಿಯಾಗಿ ಆಮೆನ್ ಎಂದಿತು.

ಕ್ರೀಡಾಂಗಣ ತಲುಪುತ್ತಲೇ ಮ್ಯಾನೇಜರ್ ಗ್ರೇಡನ್ ಡೆಲ್ರಾಯ್‌ನನ್ನು ತನ್ನ ಕೋಣೆಗೆ ಕರೆಸಿಕೊಂಡ. ಮೂವತ್ತೊಂದರ ಹುಡುಗ, ಬ್ಯಾಸ್ಕೆಟ್‌ಬಾಲ್ ಅನ್ನು ಕಂಪ್ಯೂಟರಿನಲ್ಲೇ ಕಲಿತವನು.

"ಸೋಲು ಅನ್ನೋ ಮಾತನ್ನ ಈ ಕಟ್ಟಡದಲ್ಲಿ ಯಾರೂ ಆಡೋ ಹಾಗಿಲ್ಲ, ದಂಡ ಹಾಕ್ತಾರೆ," ಎಂದ ಗ್ರೇಡನ್. "ನಾನೂ ಆಡಲ್ಲ. ನೀವು ಸುಮ್ನೆ ನಿಮ್ಮ ಸಹಜ ಆಟ ಆಡಿ, ಡೆಲ್ರಾಯ್. ನಮಗೆ ಅಷ್ಟೇ ಸಾಕು."

"ಅಂದ್ರೆ?"

"ನಿಮ್ಮ ಹನ್ನೊಂದು ವರ್ಷದ ಲೆಕ್ಕ ನಮ್ಮತ್ರ ಇದೆ. ನಮಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ."

ಇಷ್ಟು ನಯವಾಗಿ ಅವನನ್ನು ಯಾರೂ ಬೈದಿರಲಿಲ್ಲ. ಆದರೂ ಕೇಳಿಯೇ ಕೇಳಿದ: "ಮುಂದಿನ ವರ್ಷದ ವಿಷಯ?"

"ಆ ಲಾಟ್ವಿಯಾ ಹುಡುಗ ಬಂದ್ರೆ ಅವನಿಗೆ ಬುದ್ಧಿ ಹೇಳೋಕೆ ಮನೆಹಿರಿಯ ಅಂತ ಒಬ್ಬರು ಬೇಕಲ್ವಾ?" ಎಂದು ಗ್ರೇಡನ್ ಕಣ್ಣು ಮಿಟುಕಿಸಿದ.

ಡೆಲ್ರಾಯ್ ಹೊರಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ. ಕೆಲಸ, ಮನೆ, ಶಾಲೆ, ಟೊಮ್ಯಾಟೊ, ಎಲ್ಲಕ್ಕೂ ಬೇಕಾದ್ದು ಒಂದೇ: ಅವನು ಎಂದಿನಂತೆ ಕೆಟ್ಟದಾಗಿ ಆಡಬೇಕು. ಇದಕ್ಕಿಂತ ಸುಲಭದ ಕೆಲಸವನ್ನು ಅವನಿಗೆ ಯಾರೂ ವಹಿಸಿರಲಿಲ್ಲ. ಅಲ್ಲಿಗೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯ ಪ್ರಾಮಾಣಿಕ. ಸಹಜ ಆಟವನ್ನೇ ನಂಬಿಕೊಂಡರೆ ಎಲ್ಲಾದರೂ ಒಂದೆರಡು ಬಿದ್ದುಬಿಟ್ಟಾವು ಎಂದು ಹೆದರಿ, ಬೇಕೆಂತಲೇ ರಿಂಗಿನಿಂದ ಒಂದು ಗೇಣು ಬಲಕ್ಕೆ ಗುರಿಯಿಟ್ಟು ಹೊಡೆಯಲು ನಿಶ್ಚಯಿಸಿದ.

ಮೊದಲ ಚೆಂಡು ಬಲಕ್ಕೆ ಹೊರಟಿತು, ಕೊನೆಯಲ್ಲಿ ಅಭ್ಯಾಸದಂತೆ ಎಡಕ್ಕೆ ತಿರುಗಿತು, ಬಲೆಯೊಳಗೆ ಮೆತ್ತಗೆ ಇಳಿಯಿತು. ಕೊಕ್ಕರೆಯ ಉದ್ದ ಕೊಕ್ಕಿನ ಟೋಪಿ ಹಾಕಿಕೊಂಡಿದ್ದ ಹದಿನೆಂಟು ಸಾವಿರ ಜನ "ಅಯ್ಯೋ" ಎಂದರು. ಎರಡನೆಯದೂ ಒಳಗೆ. ಮೂರನೆಯದೂ ಒಳಗೆ. ಮೇಲಿನ ಸಾಲಿನಿಂದ ಒಬ್ಬ ಕೂಗಿದ: "ಪಿಂಕ್ನಿ, ನಿಂಗೆ ಒಮಾಹಾದವರು ಎಷ್ಟು ಕೊಟ್ಟಿದಾರೋ?"

ಅತ್ತ ಒಮಾಹಾದವರೇನು ಸಾಮಾನ್ಯರಲ್ಲ. ಅವರ ತಂಡದ ಒಬ್ಬ ಅಪ್ಪಿತಪ್ಪಿ ಸತತ ಎರಡು ಚೆಂಡು ಹಾಕಿದ್ದಕ್ಕೆ ಕೋಚ್ ಅವನ ಕುತ್ತಿಗೆಪಟ್ಟಿ ಹಿಡಿದೇ ಹೊರಗೆ ಕೂರಿಸಿದರು. ಟೊಲೀಡೊದವರು ಅವರಿಗೆ ಪುಕ್ಕಟೆ ಅಂಕ ಸಿಗಲೆಂದು ಧಾರಾಳವಾಗಿ ಫೌಲ್ ಮಾಡಿದರು. ಅವರು ಆ ಪುಕ್ಕಟೆ ಎಸೆತಗಳನ್ನು ಅಷ್ಟೇ ಧಾರಾಳವಾಗಿ ಗೋಡೆಗೆ ಹೊಡೆದರು. ಹೀಗೆ ಫೌಲ್ ಮಾಡಿ ಮಾಡಿ ಟೊಲೀಡೊದ ಮೂವರು ಆಟದಿಂದಲೇ ಹೊರಗೆ ಬಿದ್ದರು. ಗಟ್ಟಿ ಮೊಣಕಾಲಿನವರು ಇದ್ದದ್ದೇ ಎಂಟು ಜನ. ಉಳಿದವರು ಐವರು, ಆ ಐವರಲ್ಲಿ ಡೆಲ್ರಾಯ್ ಒಬ್ಬ. ಈಗ ಅವನನ್ನು ಹೊರಗೆ ಕರೆಯೋಣವೆಂದರೆ ಒಳಗೆ ಕಳಿಸಲು ಬೇರೆ ಜನವೇ ಇಲ್ಲ.

ವಿರಾಮದಲ್ಲಿ ಕೋಚ್ ಲೂ ಡಿಮಾರ್ಕೊ ಅವನನ್ನು ಮೂಲೆಗೆ ಎಳೆದುಕೊಂಡು ಹೋದರು.

"ಏನಯ್ಯಾ ಮಾಡ್ತಿದೀಯಾ?"

"ತಪ್ಪಿಸ್ತಿದೀನಿ, ಕೋಚ್. ಆಣೆ ಮಾಡಿ ಹೇಳ್ತೀನಿ. ರಿಂಗಿನ ಬಲಕ್ಕೇ ಹೊಡೀತಿದೀನಿ."

ಡಿಮಾರ್ಕೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಲೋ ಪುಣ್ಯಾತ್ಮ, ಹನ್ನೊಂದು ವರ್ಷದಿಂದ ನಿನ್ನ ಚೆಂಡು ಎಡಕ್ಕೆ ಹೋಗುತ್ತೆ ಕಣೋ. ನಿಂಗೆ ಯಾರೂ ಹೇಳಿಲ್ವಾ?"

"ಹೇಳಿದ್ರು. ನಾನು ಗಾಳಿ ಇರಬೇಕು ಅಂದ್ಕೊಂಡಿದ್ದೆ."

"ಚಾವಣಿ ಕೆಳಗೆ? ನಾಲ್ಕು ಗೋಡೆ ಮಧ್ಯೆ?"

"ಎಸಿ ಜೋರಾಗಿರುತ್ತಲ್ಲ, ಕೋಚ್."

ಡಿಮಾರ್ಕೊ ಕೈ ಮುಗಿದರು. ಆಮೇಲೆ, "ಇನ್ನು ಚೆಂಡು ಮುಟ್ಟಬೇಡ, ನಿನ್ನ ದಮ್ಮಯ್ಯ," ಎಂದರು.

ಆದರೆ ಉಳಿದ ನಾಲ್ವರಿಗೂ ಸೋಲಿನ ಆಸೆ ಇದ್ದದ್ದರಿಂದ, ಅವರ ಕೈಗೆ ಬಂದ ಚೆಂಡನ್ನೆಲ್ಲ ಬಿಸಿ ಕೆಂಡದಂತೆ ಡೆಲ್ರಾಯ್ ಕಡೆಗೇ ದಾಟಿಸಿದರು. ಅವನು ಈಗ ನೇರವಾಗಿ ಹೊಡೆದ. ಹೆದರಿಕೆಗೆ ಕೈ ಬಿಗಿದು, ಚೆಂಡು ಎಡಕ್ಕೆ ತಿರುಗುವುದನ್ನೂ ಮರೆತು ಒಳಗೆ ಹೋಯಿತು.

ಕೊನೆಯ ಗಳಿಗೆ ಬಂತು. ದೇವರ ದಯೆಯಿಂದ ಟೊಲೀಡೊ ಒಂದೇ ಒಂದು ಅಂಕ ಹಿಂದಿತ್ತು. ಉಳಿದದ್ದು ನಾಲ್ಕೈದು ಸೆಕೆಂಡು, ಚೆಂಡು ಡೆಲ್ರಾಯ್ ಕೈಯಲ್ಲಿ. ಸುಮ್ಮನೆ ಹಿಡಿದುಕೊಂಡು ನಿಂತರೆ ಮುಗಿಯಿತು. ಅವನು ರಿಂಗಿಗೆ ಬೆನ್ನು ಹಾಕಿ, ಮಗುವನ್ನು ಎತ್ತಿಕೊಂಡಂತೆ ಚೆಂಡನ್ನು ಎದೆಗೆ ಅವಚಿಕೊಂಡು ನಿಂತ. ಒಮಾಹಾದವರು ಬೇಡಿಕೊಂಡರು: "ಹೊಡಿ ಮಾರಾಯ, ಒಂದೇ ಒಂದು ಹೊಡಿ." ಅವನು ಅಲುಗಾಡಲಿಲ್ಲ. ಹದಿನೆಂಟು ಸಾವಿರ ಜನ ಎದ್ದು ನಿಂತು ಸೆಕೆಂಡು ಎಣಿಸತೊಡಗಿದರು. ಸಂಭ್ರಮದಲ್ಲಿ ಜನ ಗಡಿಯಾರಕ್ಕಿಂತ ಬೇಗ ಎಣಿಸಿಬಿಟ್ಟರು. ಎಲ್ಲರೂ ಹೋ ಎಂದು ಕಿರುಚಿದ್ದೇ ತಡ, ಆಟ ಮುಗಿಯಿತೆಂದುಕೊಂಡ ಡೆಲ್ರಾಯ್ ಖುಷಿ ತಡೆಯಲಾರದೆ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದು ಎರಡೂ ಕೈ ಎತ್ತಿ ಕುಣಿದ.

ಚೆಂಡು ಗಾಳಿಯಲ್ಲಿದ್ದಾಗ ನಿಜವಾದ ಗಂಟೆ ಹೊಡೆಯಿತು. ಗಂಟೆಗೆ ಮುಂಚೆ ಕೈಬಿಟ್ಟ ಚೆಂಡು ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಅವನ ಬೆನ್ನ ಹಿಂದೆ ಬಲೆಯೊಳಗಿಂದ ಒಂದು ಮೆದುವಾದ ಸದ್ದು ಬಂತು.

ಒಮಾಹಾದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅವರ ಕೋಚ್ ಓಡಿ ಬಂದು ಡೆಲ್ರಾಯ್‌ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಟೊಲೀಡೊದ ಜನ ಕೊಕ್ಕರೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತರು. ಫಲಕದ ಮೇಲೆ ಡೆಲ್ರಾಯ್ ಹೆಸರಿನ ಮುಂದೆ ನಲವತ್ತೊಂದು ಅಂಕ ಎಂದು ಬೆಳಗುತ್ತಿತ್ತು. ನಿಜ ಹೇಳಬೇಕೆಂದರೆ, ಆ ಅನಾಹುತದ ನಡುವೆಯೂ ಅವನಿಗೆ ಒಳಗೊಳಗೇ ಬಹಳ ಸಂತೋಷವಾಯಿತು. ಅಂಥ ಅಂಕ ಅವನ ಹೆಸರಿನ ಮುಂದೆ ಹೈಸ್ಕೂಲಿನಲ್ಲೂ ಬಂದಿರಲಿಲ್ಲ. ಒಂದು ಫೋಟೊ ತೆಗೆದುಕೊಳ್ಳೋಣವೆಂದು ಫೋನು ಹುಡುಕುವಷ್ಟರಲ್ಲಿ ಯಾರೋ ಫಲಕದ ದೀಪ ಆರಿಸಿದರು.

ಮನೆಗೆ ಬರುವಾಗ ಇನ್ನೂ ಬಿಸಿಲಿತ್ತು. ಬೀದಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದವರು ಅವನ ಕಾರು ಕಂಡು ಯಂತ್ರ ನಿಲ್ಲಿಸಿ ಬೆನ್ನು ತಿರುಗಿಸಿದರು. ಬರ್ನೀಸ್ ಅವನ ಮನೆಯ ಮೆಟ್ಟಿಲ ಮೇಲೇ ಕಾದಿದ್ದರು.

"ತಟ್ಟೆ ಕೊಡು," ಎಂದರು.

"ಮಿಸೆಸ್ ವೊಯ್ಚಿಕ್, ನಾನು ಬೇಕು ಅಂತ ಮಾಡಿದ್ದಲ್ಲ."

"ಗೊತ್ತಪ್ಪ. ಬೇಕು ಅಂತ ಮಾಡಿದ್ರೆ ನಿನ್ನ ಕೈಲಿ ಆಗ್ತಾನೂ ಇರಲಿಲ್ಲ. ತಟ್ಟೆ ಕೊಡು. ನನ್ನ ತಮ್ಮ ನಾಳೆ ಮನೆ ನೋಡೋಕೆ ಬರ್ತಾನೆ."

ಒಳಗೆ ಇವಾನ್ ಕಿಟಕಿಯಿಂದ ಟೊಮ್ಯಾಟೊ ಪಾತಿ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗ್ರೇಡನ್. ಡೆಲ್ರಾಯ್ ಕಣ್ಣು ಮುಚ್ಚಿಕೊಂಡು ಎತ್ತಿದ.

"ಡೆಲ್ರಾಯ್, ಶುಭಾಶಯ," ಎಂದ ಗ್ರೇಡನ್, ಉಬ್ಬಿದ ದನಿಯಲ್ಲಿ. "ನಿಮ್ಮನ್ನ ಮುಂದಿನ ವರ್ಷಕ್ಕೂ ಇಟ್ಕೊಂಡಿದೀವಿ. ಈಗ್ತಾನೆ ಸಹಿ ಹಾಕಿದೆ."

ಡೆಲ್ರಾಯ್ ಫೋನನ್ನು ಸೋಫಾದ ಮೇಲೆ ಎಸೆದು ಹೆಂಡತಿಯನ್ನು ಎತ್ತಿಕೊಂಡು ಗಿರಗಿರನೆ ತಿರುಗಿಸಿದ. ಇವಾನ್ ನಗುತ್ತ ಅತ್ತಳು, ಅಳುತ್ತ ಅವನ ಬೆನ್ನಿಗೆ ಗುದ್ದಿದಳು. ಇಬ್ಬರೂ ಹಿತ್ತಲ ಬಾಗಿಲು ತೆಗೆದು ಟೊಮ್ಯಾಟೊ ಪಾತಿಯ ಸುತ್ತ ಒಂದು ಸುತ್ತು ಕುಣಿದೇ ಬಂದರು. ಬಂದಾಗ ಇಮಾನಿ ಫೋನನ್ನು ಕಿವಿಗೆ ಹಿಡಿದುಕೊಂಡು ನಿಂತಿದ್ದಳು.

"ಅಪ್ಪಾ, ಅಂಕಲ್ ಇನ್ನೂ ಮಾತಾಡ್ತಾನೇ ಇದಾರೆ."

ಡೆಲ್ರಾಯ್ ಫೋನು ಇಸಿದುಕೊಂಡ.

"...ಇಟ್ಕೊಳ್ಳದೇ ಇದ್ರೆ ಬೇರೆಯವರಿಗೆ ಕೊಡೋಕೆ ಬರಲ್ವಲ್ಲ," ಎನ್ನುತ್ತಿದ್ದ ಗ್ರೇಡನ್. "ಅದಕ್ಕೇ ಮೊದಲು ಇಟ್ಕೊಂಡು, ಆಮೇಲೆ ಒಮಾಹಾಗೆ ಕೊಟ್ವಿ. ನಲವತ್ತೊಂದು ಅಂಕ ನೋಡಿ ಅವರಿಗೆ ಹುಚ್ಚು ಹಿಡಿದಿದೆ. ನಿಮ್ಮೊಬ್ಬರಿಗೆ ಬದಲಾಗಿ ಅವರ ಪಾಲಿನ ಆಯ್ಕೆ ನಮಗೆ ಬಿಟ್ಕೊಟ್ರು. ಆ ಚೀಟಿಗಳೆಲ್ಲ ಈಗ ನಮ್ಮವು. ಲಾಟ್ವಿಯಾ ಹುಡುಗ ಬಂದ ಅಂತಲೇ ಇಟ್ಕೊಳ್ಳಿ. ಕೇಳಿಸ್ತಿದೆಯಾ? ಹಲೋ?"

ಕೇಳಿಸುತ್ತಿತ್ತು. ಡೆಲ್ರಾಯ್ ಫೋನು ಕೆಳಗಿಟ್ಟ. ಅವನ ಮುಖ ನೋಡಿದ ಇವಾನ್‌ಗೆ ಏಳು ಊರಿನ ಅನುಭವವಿತ್ತು. ಅವಳು ಸೋಫಾದ ಮೇಲೆ ನಿಧಾನವಾಗಿ ಕೂತು, "ಯಾವೂರು?" ಎಂದಷ್ಟೇ ಕೇಳಿದಳು.

ಸುದ್ದಿ ಅಷ್ಟು ಹೊತ್ತಿಗೆ ರೇಡಿಯೊದಲ್ಲಿ ಬಂದಾಗಿತ್ತು. ಮೊದಲು ಒಂದು ಕಾರಿನ ಹಾರನ್ ಕೇಳಿಸಿತು, ಆಮೇಲೆ ಹತ್ತು. ಬೆನ್ನು ತಿರುಗಿಸಿದ್ದವರೆಲ್ಲ ಹುಲ್ಲುಹಾಸು ದಾಟಿ ಓಡಿ ಬಂದರು. ಪಾದ್ರಿಗಳು ಬಂದರು. ಯಾರೋ ಡೆಲ್ರಾಯ್‌ನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನು ಆರು ಅಡಿ ಎಂಟು ಇಂಚು ಇದ್ದದ್ದರಿಂದ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿ ಮತ್ತೆ ಇಳಿಸಿದರು. ಟೊಲೀಡೊಗೆ ಇಷ್ಟು ಉಪಕಾರ ಮಾಡಿದ ಆಟಗಾರ ಇನ್ನೊಬ್ಬನಿಲ್ಲ, ಇವನ ಹೆಸರನ್ನು ಬೀದಿಗೇ ಇಡಬೇಕು ಎಂದು ಎದುರು ಮನೆಯವನು ಘೋಷಿಸಿದ. ಎರಡು ವರ್ಷದಲ್ಲಿ ಒಮ್ಮೆಯೂ ಮಾತಾಡಿಸದವರು ಅಡುಗೆ ಮನೆಗೆ ನುಗ್ಗಿ ಇವಾನ್‌ನ ಪಾತ್ರೆಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತತೊಡಗಿದರು. ಅವಳು ಬೇಡವೆಂದಷ್ಟೂ ಅವರ ಉಪಚಾರ ಹೆಚ್ಚಾಯಿತು. ಒಬ್ಬ ತನ್ನ ಲಾರಿಯನ್ನೇ ಹಿಮ್ಮುಖವಾಗಿ ತಂದು ಬಾಗಿಲಿಗೆ ಹಚ್ಚಿದ.

ಬರ್ನೀಸ್ ಕಣ್ಣೊರೆಸಿಕೊಳ್ಳುತ್ತ ಬಂದು ಡೆಲ್ರಾಯ್‌ನ ಎರಡೂ ಕೈ ಹಿಡಿದುಕೊಂಡರು.

"ತಮ್ಮನಿಗೆ ಬರಬೇಡ ಅಂತ ಹೇಳ್ಬಿಟ್ಟೆ," ಎಂದರು. "ಈ ಮನೆ ನಿಂದೇ ಕಣಪ್ಪ. ನಿನ್ನಂಥೋನು ಈ ಬೀದಿ ಬಿಟ್ಟು ಎಲ್ಲಿಗೂ ಹೋಗಬಾರದು."

ಅಷ್ಟು ಹೇಳಿ, ಅಂಗಿಯ ತೋಳು ಮಡಚಿಕೊಂಡು, ಇಮಾನಿಯ ಮಂಚದ ಒಂದು ತುದಿ ಎತ್ತಿ, "ಆ ಕಡೆ ಹಿಡ್ಕೋ, ಬೇಗ," ಎಂದರು.