ನೀವಿಲ್ಲದೆ ನಮಗೆ ಬೇಸರವಾಗಿದೆ

"ಈ ಹತ್ತಿ ಸೀಜನ್ ಮುಗಿಯೋದ್ರೊಳಗ ಎದುರಿನವನ ಬೋರ್ಡು ಇಳಿಸಲಿಲ್ಲಾ ಅಂದ್ರ, ನನ್ನ ಹೆಸರು ಕೃಷ್ಣಕಾಂತನೇ ಅಲ್ಲ!"

ಆದವಾನಿ ಸ್ಟೇಷನ್ ರಸ್ತೆಯಲ್ಲಿ ಲಾಡ್ಜು ನಡೆಸುವ ಕೃಷ್ಣಕಾಂತ ಹೀಗೆ ಶಪಥ ಮಾಡಿ ಕೌಂಟರಿಗೆ ಗುದ್ದಿದ. ಗುದ್ದಿದ ರಭಸಕ್ಕೆ ಕರೆಗಂಟೆ ಕೆಳಗುರುಳಿತು. ಗುಮಾಸ್ತ ಬಜಾರಪ್ಪ ಎತ್ತಿಟ್ಟ. ಯಜಮಾನರ ಸಿಟ್ಟಿಗೆ ಆ ಗಂಟೆ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು, ನಾಲ್ಕು ಸಲ ಏಳುತ್ತಿತ್ತು.

ಸಿಟ್ಟಿಗೆ ಕಾರಣ, ಎದುರಿನ ಹೊಸ ಲಾಡ್ಜಿನವನು 'ವೈಫೈ ಉಚಿತ' ಅಂತ ಬೋರ್ಡು ಹಾಕಿದ್ದು. ಮೂವತ್ತು ವರ್ಷ ಇವನ ಹತ್ತಿರ ಇಳಿಯುತ್ತಿದ್ದ ಗಿರಾಕಿಗಳೆಲ್ಲ ಚೀಲ ಹೊತ್ತು ರಸ್ತೆ ದಾಟಿಬಿಟ್ಟರು. ಕೃಷ್ಣಕಾಂತ ಹಲ್ಲು ಕಡಿದು, ಕೇಬಲ್ ಕೆಲಸದ ಉರುಕುಂದನನ್ನು ಕರೆಸಿದ. ಉರುಕುಂದ ಬುದ್ಧಿವಂತ. ನೆಟ್ಟು ಪುಕ್ಕಟೆ ಕೊಡೋದಲ್ಲ ಸ್ವಾಮಿ, ಅದನ್ನೇ ಗಾಳ ಮಾಡಿ ಗಿರಾಕಿ ಹಿಡೀಬೇಕು ಅಂದ. ನೆಟ್ಟು ಬೇಕಾದವನು ಮೊದಲು ಹೆಸರು, ಫೋನ್ ನಂಬರು ಕೊಡಬೇಕು. ಎಷ್ಟು ದಿನದಿಂದ ಇದ್ದೀರಿ, ಸೇವೆ ಹೇಗಿದೆ, ಮತ್ತೆ ಬರುತ್ತೀರಾ ಅಂತ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೊಟ್ಟ ಉತ್ತರ ಕೆಳಗೆ ಹಾಲ್‌ನ ಟೀವಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಒಂದು ದಿನ ನೆಟ್ಟಿಗೆ ಬರದಿದ್ದರೆ ಅವರ ಫೋನಿಗೆ ತಾನಾಗಿ ಒಂದು ಮೆಸೇಜು ಹೋಗುತ್ತದೆ.

ಆ ಮೆಸೇಜನ್ನು ಕೃಷ್ಣಕಾಂತ ಮೂರು ದಿನ ಕೂತು, ಹದಿನೆಂಟು ಹಾಳೆ ಹರಿದು, ಸ್ವಹಸ್ತದಿಂದ ರಚಿಸಿದ: 'ನೀವಿಲ್ಲದೆ ನಮಗೆ ಬೇಸರವಾಗಿದೆ. ಬೇಗ ಬನ್ನಿ.' ಅಷ್ಟೇ. ಮಹಾಕಾವ್ಯ ಮುಗಿಸಿದವನ ಹಾಗೆ ಬೆನ್ನು ನೀವಿಕೊಂಡ. ಇಷ್ಟಕ್ಕೇ ನಿಲ್ಲದೆ, ಗಿರಾಕಿಗಳು ಪುಕ್ಕಟೆ ನೆಟ್ಟು ಕುಡಿದು ಸುಮ್ಮನಿರಬಾರದು ಅಂತ, ಅರ್ಧ ಗಂಟೆಗೊಮ್ಮೆ ನೆಟ್ಟು ನಿಂತು ಮತ್ತೆ ಅದೇ ಪ್ರಶ್ನೆ ಕೇಳುವಂತೆ ಮಾಡಿಸಿದ. ಮಾಳಿಗೆ ಮೇಲಿನ ಸ್ವಂತ ಮನೆಗಿದ್ದ ಲೈನನ್ನೂ ಇದಕ್ಕೇ ಜೋಡಿಸಿದ. ಹೆಂಡತಿಗೆ ಒಂದು ಮಾತು ಹೇಳಲಿಲ್ಲ. ಹೆಂಡತಿಗೆ ಹೇಳಿ ಮಾಡುವ ಗಂಡಸು ಅವನಲ್ಲ.

ಅವತ್ತು ಏಕಾದಶಿ. ಕಾವೇರಿಬಾಯಿಗೆ ನಿರ್ಜಲ ಉಪವಾಸ. ಮಧ್ಯಾಹ್ನ ಫೋನನ್ನು ದೇವರ ಮುಂದಿಟ್ಟುಕೊಂಡು ಆಚಾರ್ಯರ ಪ್ರವಚನ ಕೇಳುತ್ತಿದ್ದಳು. ಪ್ರಹ್ಲಾದನ ಕಥೆ. ಹಿರಣ್ಯಕಶಿಪು ಕಂಬಕ್ಕೆ ಒದ್ದ. ಕಂಬ ಬಿರಿಯಿತು. ಬಿರುಕಿನೊಳಗಿಂದ ಗರ್ಜನೆ ಕೇಳಿತು. ನರಸಿಂಹ ಇನ್ನೇನು ಹೊರಗೆ ಬರಬೇಕು, ಫೋನು ಗಪ್ಪಂತ ನಿಂತು ಕೇಳಿತು: 'ಮಾನ್ಯ ಅತಿಥಿಗಳೇ, ನಮ್ಮ ಸೇವೆ ಹೇಗಿದೆ?'

ಬೆಳಗಿನಿಂದ ಇದು ಆರನೇ ಸಲ! ಮೊದಲ ಸಲ ಹೆಸರು, ನಂಬರು ಕೊಟ್ಟಿದ್ದಳು, ಆಮೇಲೆ ನಾಲ್ಕು ಸಲ ಏನೋ ಒತ್ತಿ ದಾಟಿಸಿದ್ದಳು. ಹಸಿದ ಹೆಂಗಸನ್ನು ಎಷ್ಟು ಸಲ ಕೆಣಕಬೇಕು? ಅಲ್ಲಿ ಬರಬೇಕಾಗಿದ್ದ ನರಸಿಂಹ ಇಲ್ಲೇ ಬಂದ. ಮೈಕಿನ ಗುರುತು ಒತ್ತಿ ಬಾಯಿಂದಲೇ ಹೇಳತೊಡಗಿದಳು.

ಅದೇ ಹೊತ್ತಿಗೆ ಕೆಳಗೆ ದಾವಣಗೆರೆ ಮಿಲ್ಲಿನ ಸೋಮಶೇಖರಪ್ಪ ಬಂದಿದ್ದರು. ಹತ್ತಿ ಖರೀದಿಗೆ ಹತ್ತು ಮಂದಿ, ನಾಲ್ಕು ತಿಂಗಳು, ಹತ್ತು ರೂಮು. ಸೀಜನ್ ಉಳಿಯುವುದೂ ಮುಳುಗುವುದೂ ಈ ಒಬ್ಬ ಮನುಷ್ಯನ ಕೈಯಲ್ಲಿ. ಎದುರಿನ ಲಾಡ್ಜು ಆಗಲೇ ನೋಡಿಕೊಂಡು ಬಂದಿದ್ದರು. ಕೃಷ್ಣಕಾಂತ ಅವರಿಂದ ಬಲವಂತವಾಗಿ ನಂಬರು ಕೊಡಿಸಿ, ನೆಟ್ಟು ಹಚ್ಚಿಸಿ, ಟೀವಿ ಕಡೆ ಕೈ ತೋರಿಸಿದ. ಗಿರಾಕಿಗಳ ಮನಸ್ಸು ಇಲ್ಲಿ ಕನ್ನಡಿಯಂಗ ಕಾಣ್ತದ ನೋಡ್ರಿ ಅಂದ. ಕಂಡಿತು.

'ಹೆಸರು: ಕಾವೇರಿಬಾಯಿ. ಎಷ್ಟು ದಿನದಿಂದ: ಇಪ್ಪತ್ತಾರು ವರ್ಷ. ಸೇವೆ: ಇಲ್ಲಿ ಸೇವಾ ಮಾಡೋದು ನಾನು. ಬಿಸಿನೀರು ಐದರಿಂದ ಆರು. ಆಮೇಲೆ ಕೇಳಿದ್ರ ಮಾಲಕರು ಕುದೀತಾರ, ನೀರು ಕುದಿಯಂಗಿಲ್ಲ. ಮತ್ತೆ ಬರುತ್ತೀರಾ: ಒಮ್ಮೆರ ಹೊರಗ ಕಳಿಸಿದ್ರಲ್ಲ ತಿರುಗಿ ಬರೋ ಮಾತು?'

ಸೋಮಶೇಖರಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. ಕೃಷ್ಣಕಾಂತ ಮೆಟ್ಟಿಲು ಎರಡೆರಡು ಹಾರಿ ಮೇಲೆ ಹೋದ. ಮಾನ ಹರಾಜಾಯಿತು, ಮನೆ ಮುಳುಗಿತು, ಮನೆಯೊಳಗೇ ಶತ್ರು ಇದ್ದಾಳೆ ಅಂತ ಬಾಗಿಲು ಹಾಕಿಕೊಂಡು ಕೂಗಾಡಿದ. ಕಾವೇರಿಬಾಯಿ ದನಿ ಎತ್ತಲಿಲ್ಲ.

"ಅತಿಥಿ ಅಂತ ನೀವೇ ಕೇಳಿದ್ರಿ. ಅತಿಥಿ ಹೇಳಿದ್ಲು."

"ಅತಿಥಿ ಆಗಿದ್ರ ರೂಮ್ ಖಾಲಿ ಮಾಡು!"

ಬಾಯಿ ಜಾರಿತು. ನುಂಗಿಕೊಳ್ಳಬೇಕು ಅನ್ನುವಷ್ಟರಲ್ಲಿ ಆಕೆ ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಹಿಂದಿನ ಮೆಟ್ಟಿಲು ಇಳಿದಾಗಿತ್ತು. ಸಿ. ಬೆಳಗಲ್‌ ಊರಲ್ಲಿ ಆಕೆಯ ತಂಗಿ ಮನೆ, ಅಲ್ಲಿಗೇ ಹೊರಟಿದ್ದಳು. ಹೊಟ್ಟೆಗೆ ಹನಿ ನೀರಿಲ್ಲದೆ ಹೋದಳಲ್ಲ ಅಂತ ಅವನ ಎದೆಯೊಳಗೆ ಚುರುಕ್ ಅಂದಿತು. ಚುರುಕ್ ಅಂದದ್ದಕ್ಕೂ ಸಿಟ್ಟೇ ಬಂತು.

ಕೆಳಗೆ ಬಂದರೆ ಸೋಮಶೇಖರಪ್ಪ ನಗುತ್ತಿದ್ದಾರೆ. ಟೀವಿಯಲ್ಲಿ ಬೈದವಳು ಮಾಲಕರ ಹೆಂಡತಿ ಅಂತ ಅವರಿಗೆ ಗೊತ್ತಿಲ್ಲ.

"ಸ್ವಾಮೇರ, ಐದು ನಕ್ಷತ್ರ ಎಲ್ಲಾ ಕಡೆ ಐತಿ, ಅದನ್ನ ಯಾರು ನಂಬ್ತಾರ? ಇಷ್ಟು ಬೈದೂ ಇಪ್ಪತ್ತಾರು ವರ್ಷ ಖಾಲಿ ಮಾಡಿಲ್ಲಂದ್ರ, ನಿಮ್ಮ ಲಾಡ್ಜಿನ್ಯಾಗ ಏನೋ ಐತಿ. ಆ ಅಮ್ಮನ್ನ ಕರೀರಿ, ಒಂದು ಮಾತು ಕೇಳಿ ರೂಮ್ ಹಿಡಿದುಬಿಡ್ತೀನಿ."

ಬಜಾರಪ್ಪ ಬಾಗಿಲ ಕಡೆ ನೋಡಿ, "ಅಮ್ಮಗಾರು ಇಪ್ಪುಡೇ ವೆಳ್ಳಿಪೋಯಾರು ಸಾರ್, ಈಗಷ್ಟೇ ಹೋದ್ರು," ಅಂದ. ಗಂಟೆ ಬಿತ್ತು.

ಸೋಮಶೇಖರಪ್ಪ ನಾಡಿದ್ದು ಬರುತ್ತೇನೆ ಅಂದು ಹೋದರು. ಹೆಂಡತಿಗೆ ಒಂದು ಫೋನ್ ಮಾಡಿದ್ದರೆ ಮುಗಿದಿತ್ತು. ಆದರೆ ಮಾಡುವವನು ಯಾರು? ನಾನಾ? ಜೀವ ಹೋದರೂ ಇಲ್ಲ! ದ್ವಾದಶಿ ಬೆಳಿಗ್ಗೆ ತಾನೇ ಅನ್ನಕ್ಕಿಟ್ಟು ಸೀದು ಕರಕಲು ಮಾಡಿದ. ಅದನ್ನೇ ತಿಂದ. ಬಜಾರಪ್ಪನನ್ನು ಬೈದ, ಉರುಕುಂದನನ್ನು ಬೈದ, ಗ್ಯಾಸಿನ ಒಲೆಯನ್ನೂ ಬಿಡಲಿಲ್ಲ. ಫೋನು ಮಾತ್ರ ಮುಟ್ಟಲಿಲ್ಲ.

ಮರುದಿನ ಸೋಮಶೇಖರಪ್ಪ ಬಂದು ಹಾಲ್‌ನಲ್ಲಿ ಕೂತರು. ಕೃಷ್ಣಕಾಂತ ಏನು ಸುಳ್ಳು ಹೇಳಲಿ ಅಂತ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಆಟೋ ನಿಂತಿತು. ಕಾವೇರಿಬಾಯಿ ಇಳಿದಳು. ಮುಖ ಎಂದೂ ಇಲ್ಲದಷ್ಟು ಮೆತ್ತಗಿತ್ತು. ನೇರ ಗಂಡನ ಹತ್ತಿರ ಬಂದು ಫೋನು ತೋರಿಸಿದಳು. 'ನೀವಿಲ್ಲದೆ ನಮಗೆ ಬೇಸರವಾಗಿದೆ. ಬೇಗ ಬನ್ನಿ.'

"ಖರೇನ? ಇದನ್ನ ನೀವೇ ಬರದ್ರೇನು?"

ಇಪ್ಪತ್ತಾರು ವರ್ಷದಲ್ಲಿ ಹೆಂಡತಿ ಅವನನ್ನು ಹೀಗೆ ನೋಡಿರಲಿಲ್ಲ. ಕೃಷ್ಣಕಾಂತನ ಎದೆ ಹತ್ತಿ ತುಂಬಿದ ಅಂಡಿಗೆ ಚೀಲದಷ್ಟು ಉಬ್ಬಿತು.

"ಮತ್ತ ಯಾರು ಬರೀತಾರ? ಮೂರು ದಿನ ಕೂತು ಬರದೀನಿ."

"ಮೂರು ದಿನಾ? ನಾ ಹೋಗಿ ಎರಡೇ ದಿನ ಆತಲ್ರಿ?"

ಸೋಮಶೇಖರಪ್ಪ ಪಾಪ, ಒಳ್ಳೆಯ ಮನಸ್ಸಿನಿಂದಲೇ ತಮ್ಮ ಫೋನು ತೆಗೆದು ತೋರಿಸಿದರು. ನನಗೂ ನಿನ್ನೆ ಬಂದೈತಿ ತಾಯಿ, ಮಾಲಕರಿಗೆ ಎಲ್ಲರ ಮ್ಯಾಲೂ ಪ್ರೀತಿ ಬಾಳ ಅಂದರು. ಆಮೇಲೆ, ಇಪ್ಪತ್ತಾರು ವರ್ಷದ ಗಿರಾಕಿ ನೀವೇ ಏನು, ಲಾಡ್ಜು ಹೆಂಗೈತಿ ಅಂತ ಕೇಳಿದರು.

ಕಾವೇರಿಬಾಯಿ ಗಂಡನನ್ನು ನೋಡಿದಳು. ಒಂದು ಮಾತಿನಲ್ಲಿ ಸೀಜನ್ ಮುಳುಗಿಸಬಹುದಿತ್ತು. ಅವನೂ ಅದಕ್ಕೇ ಕಾದು, ಕಣ್ಣು ಮುಚ್ಚಿದ್ದ.

"ರೂಮ್ ಚಲೋ ಅದಾವ್ರಿ, ಹಿಡೀರಿ. ನಿಮ್ಮ ಫೋನ್ ನಂಬರ್ ಮಾತ್ರ ಕೊಡಬ್ಯಾಡ್ರಿ."

ನಂಬರಿಲ್ಲದೆ ನೆಟ್ಟು ಹತ್ತೋದಿಲ್ಲವಲ್ಲ ತಾಯಿ ಅಂದರು ಅವರು. ಆಕೆ ಬಾಯಿಪಾಠವಿದ್ದ ಒಂದು ನಂಬರು ಬರೆದುಕೊಟ್ಟು ಮೇಲೆ ಹೋದಳು. ಬಂದ ಹತ್ತು ಮಂದಿಯೂ ಅದನ್ನೇ ಹಾಕಿಕೊಂಡರು.

ಮೊದಲ ಭಾನುವಾರ ಹತ್ತು ಮಂದಿಯೂ ಊರಿಗೆ ಹೋದರು. ಸೋಮವಾರ ಬೆಳಿಗ್ಗೆ ಸಂಧ್ಯಾವಂದನೆಗೆ ಕೂತಿದ್ದ ಕೃಷ್ಣಕಾಂತನ ಫೋನು ಒಂದರ ಹಿಂದೊಂದು ಹತ್ತು ಸಲ ಬಡಿದುಕೊಂಡಿತು. ಎತ್ತಿ ಓದಿದ. ಇದನ್ನು ಬರೆದ ಮುಠ್ಠಾಳ ಯಾವನು ಅಂತ ಕೂಗಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡ.

ಒಳಗಿನಿಂದ ಕಾವೇರಿಬಾಯಿ ಅಂದಳು: "ಹೋಗಿ ಬರ್ರಿ. ಪಾಪ, ಯಾರಿಗೋ ನೀವಿಲ್ಲದೆ ಬ್ಯಾಸರ ಆಗೇದಂತ."