ಮಲ್ಲಿಗೆ ಚಪ್ಪರದ ವೇಷಧಾರಿ

ಕಣಜಕ್ಕೂ ಕಣಜದ ವೇಷ ಹಾಕಿದ ನೊಣಕ್ಕೂ ಇರುವ ವ್ಯತ್ಯಾಸ ಇಡೀ ಮುಟ್ಟಳ್ಳಿಯಲ್ಲಿ ಬಲ್ಲವನು ನಾನೊಬ್ಬನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಸಾಲದ್ದಕ್ಕೆ ಕೀಟಾಸಕ್ತರ ವಾಟ್ಸಾಪ್ ಗುಂಪಿನಲ್ಲಿ ಎರಡು ತಿಂಗಳ ಸೇವೆ ಬೇರೆ! ಹಳದಿ-ಕಪ್ಪು ಪಟ್ಟೆ ತೋರಿಸಿ ಹಕ್ಕಿಗಳನ್ನು ಹೆದರಿಸುವ ಈ ಹೂನೊಣಕ್ಕೆ ಕುಟುಕುವ ಮುಳ್ಳೇ ಇಲ್ಲ. ಕಣಜಕ್ಕೆ ರೆಕ್ಕೆ ನಾಲ್ಕು, ಇದಕ್ಕೆ ಎರಡೇ. ಇಷ್ಟು ತಿಳಿದವನಿಗೆ ಇನ್ನೇನು ಭಯ?

ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಮಲ್ಲಿಗೆಯ ಗಡಿಬಿಡಿ. ಪಕ್ಕದ ಮನೆಯ ಮಾದೇವಕ್ಕನ ಮಗಳ ನಿಶ್ಚಿತಾರ್ಥಕ್ಕೆ ಹೂವಿನ ದಂಡೆ ಕಟ್ಟಿಕೊಡುತ್ತೇನೆಂದು ನನ್ನ ಹೆಂಡತಿ ಜಾನಕಿ ಮಾತು ಕೊಟ್ಟಿದ್ದಳು. ಭಟ್ಕಳ ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ಬಿಸಿಲೇರುವ ಮೊದಲೇ ಮೊಗ್ಗು ಕೊಯ್ದಾಗಬೇಕು. ಇಬ್ಬರೂ ಬುಟ್ಟಿ ಹಿಡಿದು ಮಲ್ಲಿಗೆ ಚಪ್ಪರದಡಿ ಸೇರಿದೆವು.

"ಹೋಯ್, ಆ ಮೂಲೆಗೆ ಹೋಗ್ಬೇಡಿ. ಕಣಜ ಅದೆ," ಎಂದಳು ಜಾನಕಿ.

ನಾನು ಕನ್ನಡಕ ಸರಿಪಡಿಸಿ ನೋಡಿದೆ. ಎಲೆಯ ಮೇಲೆ ಕುಳಿತಿದ್ದ ಪ್ರಾಣಿಗೆ ಎರಡೇ ರೆಕ್ಕೆ!

"ಅದು ಕಣಜ ಅಲ್ಲ ಮಾರಾಯ್ತಿ, ನೊಣ. ಯಕ್ಷಗಾನ ಆಟದ ರಾಕ್ಷಸ ಇದ್ದಾಂಗೆ. ಚೌಕಿಗೆ ಹೋಗಿ ಬಣ್ಣ ತೊಳೆದ್ರೆ ಪಾಪದ ಮನುಷ್ಯ."

"ಎಂತ ಆದ್ರೂ ಕೈ ಹಾಕ್ಬೇಡಿ. ಹತ್ತು ಗಂಟೆಗೆ ದಂಡೆ ಕೊಡೂದದೆ."

ಗುಂಪಿಗೆ ಫೋಟೊ ಹಾಕಿ ಕೇಳುವ ಮೊದಲೇ ಅದರ ಜಾತಿಯನ್ನು ನಾನೇ ಪತ್ತೆ ಹಚ್ಚಬೇಕೆಂದು ತೀರ್ಮಾನಿಸಿದೆ. ಮೀಸೆ ಉದ್ದವಿತ್ತು. ನೊಣಕ್ಕೆ ಮೋಟು ಮೀಸೆ ಇರಬೇಕು. ಆದರೆ ಕೆಲವು ಪ್ರವೀಣ ನೊಣಗಳು ಉದ್ದ ಮೀಸೆಯನ್ನೂ ಬಿಡುತ್ತವೆಂದು ಓದಿದ್ದೆ. ಅಂದರೆ ಅಪರೂಪದ್ದು! ಸೊಂಟ ದಾರದಷ್ಟು ಸಣ್ಣ. ಇನ್ನೂ ಅಪರೂಪದ್ದು! ಹತ್ತಿರ ಹೋದರೂ ಹಾರಲಿಲ್ಲ, ತಲೆ ತಿರುಗಿಸಿ ನನ್ನನ್ನೇ ದುರುಗುಟ್ಟಿ ನೋಡಿತು. ಎಂಥ ಅಭಿನಯ!

ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಮೂಗಿನ ಬಳಿ ತಂದೆ. ಆಗ ಅದು ರೆಕ್ಕೆ ಬಿಚ್ಚಿತು. ಒಂದು, ಎರಡು, ಮೂರು...

ನಾಲ್ಕನೆಯದನ್ನು ಎಣಿಸಲು ಅದು ಬಿಡಲಿಲ್ಲ. ಬೆರಳಿಗೊಂದು, ಮೇಲ್ತುಟಿಗೊಂದು! ಅದೂ ಅಭಿನಯವೆಂದುಕೊಳ್ಳಲು ಒಂದು ಕ್ಷಣ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆಗಲಿಲ್ಲ. ಚಪ್ಪರದ ಕಂಬಕ್ಕೆ ಡಿಕ್ಕಿ ಹೊಡೆದೆ. ಎಲೆಗಳ ಹಿಂದಿದ್ದ ಗೂಡಿನಿಂದ ಇಡೀ ಮೇಳವೇ ರಂಗಕ್ಕೆ ಬಂದು ಮೂಗು, ಕಣ್ಣೆನ್ನದೆ ಕುಟುಕಿತು! ಕೊಯ್ದಿಟ್ಟ ಮೊಗ್ಗಿನ ಬುಟ್ಟಿಯನ್ನು ತುಳಿದುಕೊಂಡೇ ಅಂಗಳಕ್ಕೆ ಹಾರಿದೆ.

ಕುಳಿತಾಗ ಕಣಜ ರೆಕ್ಕೆಗಳನ್ನು ಉದ್ದಕ್ಕೆ ಮಡಚಿಕೊಳ್ಳುತ್ತದಂತೆ. ನಾಲ್ಕು ಎರಡಾಗಿ ಕಾಣುತ್ತವಂತೆ. ಗುಂಪಿನವರು ಇದನ್ನು ಹೇಳಿದ್ದು ಆಮೇಲೆ.

"ನೊಣ ಗೂಡು ಕಟ್ತದ್ಯಾ ಮಾಸ್ತರೇ?" ಎನ್ನುತ್ತ ಜಾನಕಿ ನನ್ನ ತುಟಿಗೆ ಸುಣ್ಣ ಹಚ್ಚಿದಳು. ಸಿಟ್ಟು ಬಂದಾಗ ಮಾತ್ರ ನಾನು ಅವಳಿಗೆ ಮಾಸ್ತರು. ತುಳಿದ ಮೊಗ್ಗು ನೋಡಿ ಅವಳ ಕಣ್ಣು ತುಂಬಿದಾಗ ನನಗೆ ಕುಟುಕಿದ್ದಕ್ಕಿಂತ ಹೆಚ್ಚು ನೋವಾಯಿತು. ಅವಳು ತಲೆಗೆ ಟವೆಲ್ ಸುತ್ತಿಕೊಂಡು, ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಅದೇ ಮೂಲೆಯ ಮೊಗ್ಗನ್ನೆಲ್ಲ ಕೊಯ್ದು ತಂದಳು. ನಾನು ಜಗಲಿಯಲ್ಲಿ ಕುಳಿತು ತೆಪ್ಪಗೆ ಬಾಳೆನಾರು ಸೀಳಿಕೊಟ್ಟೆ. ಅಷ್ಟರಲ್ಲಿ ನನ್ನ ಮೂಗು ಯಾವುದು, ತುಟಿ ಯಾವುದು ತಿಳಿಯದಂತಾಗಿ, ಒಂದು ಕಣ್ಣು ಮುಚ್ಚಿಯೇ ಹೋಗಿತ್ತು.

ಸರಿಯಾಗಿ ಹತ್ತಕ್ಕೆ ಮಾದೇವಕ್ಕ ಬಂದಳು.

"ಅಬ್ಬ, ದಂಡೆ ಆತಲ್ಲ!" ಎಂದು ಹಿಗ್ಗಿದವಳು ನನ್ನತ್ತ ನೋಡಿ ದನಿ ತಗ್ಗಿಸಿದಳು. "ಮಾಸ್ತರು ಮನೇಲಿಲ್ವಾ? ಇವ್ರು ಯಾರು, ಕುಮಟೆ ಬದಿ ನೆಂಟ್ರಾ?"

ಜಾನಕಿ ನನ್ನನ್ನು ಮೇಲಿನಿಂದ ಕೆಳಗೆ ಪರೀಕ್ಷಿಸಿದಳು.

"ಗುರ್ತು ಸಿಕ್ತಿಲ್ಲ ಅಕ್ಕ. ಗುಂಪಿಗೆ ಫೋಟೊ ಹಾಕಿ ಕೇಳ್ತೆ."

ನಾನೇ ಕಣೇ ಎನ್ನೋಣವೆಂದರೆ ತುಟಿ ಏಳಬೇಕಲ್ಲ!