ಜಗದಾಂಬಾಳ ಏಳು ನಿಮಿಷ

ಭೂಮಿ ತನ್ನ ಸುತ್ತ ತಾನು ಒಂದು ಸಲ ತಿರುಗುವುದಕ್ಕೆ ಇಪ್ಪತ್ತನಾಲ್ಕು ಗಂಟೆ ಬೇಕೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ೧೯೭೬ನೆಯ ಇಸವಿಯಲ್ಲಿ ವಿಜಯನಗರದ ಚನ್ನಮಲ್ಲಪ್ಪನವರ ಮಗಳು ಜಗದಾಂಬಾಳ ಪಾಲಿಗೆ ದಿನವೂ ಏಳು ನಿಮಿಷ ಕಡಿಮೆ ಬೀಳುತ್ತಿತ್ತು. ಖಗೋಳಶಾಸ್ತ್ರಜ್ಞರು ಇದನ್ನು ಗಮನಿಸಲಿಲ್ಲ. ಗಮನಿಸಿದವನು ಅವಳನ್ನು ಮದುವೆಯಾಗಲಿದ್ದ ಗುರುಸಿದ್ದಯ್ಯ, ಹೈಸ್ಕೂಲಿನ ಲೆಕ್ಕದ ಮೇಷ್ಟ್ರು.

ನಿಶ್ಚಿತಾರ್ಥದ ದಿನ ಅವನು ಅವಳಿಗೊಂದು ವಾಚು ಕೊಟ್ಟಿದ್ದ. ದಿನಾ ಬೆಳಿಗ್ಗೆ ಎಂಟೂವರೆಗೆ ಬಸ್ ಸ್ಟಾಪಿನಲ್ಲಿ ಅವಳ ಕೈ ಹಿಡಿದು, ತನ್ನ ವಾಚಿಗೆ ಅವಳದನ್ನು ಹೊಂದಿಸಿ, ತಾನೇ ಕೀ ಕೊಡುತ್ತಿದ್ದ. ನೋಡಿದ ಹೆಂಗಸರು ಎಂಥ ಪ್ರೀತಿ ಎನ್ನುತ್ತಿದ್ದರು. ಸಂಜೆ ಅವಳು ಟೈಪಿಸ್ಟಾಗಿದ್ದ ರಾಜಾಜಿನಗರದ ಕಚೇರಿಯಿಂದ ಗಂಡಸರೆಲ್ಲ ಹೋದ ಮೇಲೆ ಹೊರಟು, ಸರಿಯಾಗಿ ಐದೂವರೆಗೆ ಅಲ್ಲಿನ ಸ್ಟಾಪಿನಲ್ಲಿರಬೇಕು, ಅವನು ಕಾಯುತ್ತಿರುತ್ತಾನೆ. ಕಚೇರಿಯ ಗೋಡೆ ಗಡಿಯಾರವನ್ನು ನಂಬುವಂತಿರಲಿಲ್ಲ. ಪ್ಯೂನ್ ಕೆಂಪಯ್ಯ ತನಗೆ ಹಸಿವಾದಾಗೆಲ್ಲ ಅದರ ಮುಳ್ಳನ್ನು ಊಟದ ಹೊತ್ತಿಗೆ ತಳ್ಳುತ್ತಿದ್ದ. ಆದ್ದರಿಂದ ಜಗದಾಂಬಾ ತನ್ನ ಕೈಯಲ್ಲಿದ್ದುದನ್ನು ನಂಬಿ ಐದೂವರೆಗೆ ಸ್ಟಾಪು ಮುಟ್ಟುತ್ತಿದ್ದಳು. ಅವನ ವಾಚಿನಲ್ಲಿ ಆಗ ಐದು ಮೂವತ್ತೇಳು.

"ಏಳು ನಿಮಿಷ ಯಾರ ಹತ್ರ ಮಾತಾಡ್ತಿದ್ದೆ?"

"ಯಾರ ಹತ್ರಾನೂ ಇಲ್ಲ ರೀ. ನೋಡಿ, ನನ್ನದ್ರಲ್ಲಿ ಐದೂವರೆ."

"ಬೆಳಿಗ್ಗೆ ಎರಡೂ ಒಂದೇ ತೋರಿಸ್ತಿತ್ತು. ವಾಚು ಹೊಸದು. ಅಂದ್ರೆ ದಾರೀಲಿ ನೀನೇ ಮುಳ್ಳು ಹಿಂದಕ್ಕೆ ತಿರುಗಿಸಿದೀಯ." ಅವನು ಎಂದೂ ಕೂಗುತ್ತಿರಲಿಲ್ಲ, ಮಗ್ಗಿ ಮರೆತ ಹುಡುಗನಿಗೆ ಹೇಳಿಕೊಡುವವನಂತೆ ಮೆಲ್ಲಗೆ ಹೇಳುತ್ತಿದ್ದ. "ನಂಗೆ ಬೇಜಾರಿಲ್ಲ ಜಗದಾ. ನಿನ್ನ ಕೈ ಏನ್ಮಾಡುತ್ತೆ ಅಂತ ನಿಂಗೇ ಗೊತ್ತಾಗಲ್ವಲ್ಲ, ಅದೇ ಭಯ."

ನಾಲ್ಕು ತಿಂಗಳು ಇದನ್ನೇ ಕೇಳಿ ಅವಳಿಗೂ ಭಯವಾಯಿತು. ತನ್ನ ಬಲಗೈಯನ್ನು ಪಕ್ಕದ ಮನೆಯ ತುಂಟ ಮಗುವಿನಂತೆ ಕಾಯತೊಡಗಿದಳು. ಟೈಪ್ ಮಾಡುವಾಗ ಅದು ತಾನು ಹೇಳದ ಅಕ್ಷರವನ್ನು ಒತ್ತೀತೆಂದು ನೋಡುತ್ತಿದ್ದಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ಅದು ಎಡ ಮಣಿಕಟ್ಟಿನ ಮೇಲೆ ಕೂತಿರುತ್ತಿತ್ತು. ತಾನೇ ಇಟ್ಟುಕೊಂಡದ್ದೋ, ಅದೇ ನಡೆದುಕೊಂಡು ಬಂದದ್ದೋ ತಿಳಿಯುತ್ತಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಕಲ್ಯಾಣಮ್ಮ ಕರಿದಾರ ಹಿಡಿದುಕೊಂಡು ಬಂದರು.

"ಮಾಗಡಿ ರೋಡಿನ ಹುಣಸೇಮರದ ಕೆಳಗೆ ಓಡಾಡಿದೀಯ ತಾನೇ?"

"ಆ ಮರ ಕಡಿದು ಎರಡು ವರ್ಷ ಆಯ್ತಲ್ಲ ಅತ್ತೆ."

"ಮರ ಕಡಿದ್ರೆ ಅದ್ರಲ್ಲಿದ್ದದ್ದು ಎಲ್ಲಿಗೆ ಹೋಗ್ಬೇಕು ಹೇಳು? ಅದಕ್ಕೂ ಒಂದು ಜಾಗ ಬೇಡ್ವಾ? ನೀಡು ಕೈ."

ದಾರ ಕಟ್ಟಿಸಿಕೊಂಡು ಕಚೇರಿಗೆ ಹೋದಳು. ಟಪಾಲು ವಿಭಾಗದ ಜಲಜಾ ಅದನ್ನು ನೋಡಿ ಬಾಗಿಲಲ್ಲೇ ಹಿಡಿದಳು. ಜಲಜಾಳ ಜೊತೆ ಮಾತಾಡಬಾರದೆಂದು ಗುರುಸಿದ್ದಯ್ಯ ಹೇಳಿದ್ದ. ಆದರೆ ಜಲಜಾ ಮಾತಾಡುವಾಗ ಎದುರಿಗಿದ್ದವರು ಮಾತಾಡುವ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ವಿಷಯವನ್ನೆಲ್ಲ ಹೊರಗೆಳೆದು ಅವಳೆಂದಳು:

"ಎರಡು ಜಡೆ ಬೇಡ ಅಂದ, ಒಂದಾಯ್ತು. ನನ್ನ ಜೊತೆ ಡಬ್ಬಿ ಬಿಚ್ಚಬೇಡ ಅಂದ, ಮೂಲೇಲಿ ಕೂತು ಉಣ್ತೀಯ. ಈಗ ಕೈಯೂ ನಿಂದಲ್ಲ ಅಂತಾನಾ? ತಾ ಇಲ್ಲಿ ಅದನ್ನ."

ತನ್ನ ವಾಚನ್ನು ಪಕ್ಕಕ್ಕೆ ಹಿಡಿದು ಎರಡೂ ಒಂದೇ ಹೊತ್ತು ತೋರಿಸುತ್ತಿರುವುದನ್ನು ನೋಡಿಕೊಂಡಳು. ಆಮೇಲೆ ಗೋಪ್ಯ ಲಕೋಟೆಗಳಿಗೆಂದು ಇಟ್ಟಿದ್ದ ಅರಗನ್ನು ಕಾಯಿಸಿ ಜಗದಾಂಬಾಳ ವಾಚಿನ ಕೀ ಕೊಡುವ ತಿರುಪಿನ ಮೇಲೆ ಸುರಿದು, ಇಲಾಖೆಯ ಮೊಹರನ್ನು ಒತ್ತಿದಳು.

"ನಿನ್ನ ಕೈ ಮುಳ್ಳು ತಿರುಗಿಸಬೇಕಾದ್ರೆ ಇನ್ನು ಇದನ್ನ ಒಡೀಬೇಕು. ನೋಡೋಣ."

ಕೆಂಪಯ್ಯ ಫೈಲು ಇಡಲು ಬಂದವನು ಬಗ್ಗಿ ನೋಡಿದ. "ಏನವ್ವ, ಕೈನೇ ರಿಜಿಸ್ಟರ್ಡ್ ಪೋಸ್ಟ್ ಮಾಡ್ತಿದೀರಾ?"

ಸಂಜೆ ಕಚೇರಿ ಖಾಲಿಯಾಯಿತು. ಜಲಜಾಳ ವಾಚಿನಲ್ಲಿ ಐದು ಇಪ್ಪತ್ತು. ಜಗದಾಂಬಾಳದ್ದರಲ್ಲಿ ಐದು ಹದಿಮೂರು. ಅರಗಿನಲ್ಲಿ ಒಂದು ಬಿರುಕೂ ಇರಲಿಲ್ಲ. ಸಾಲಾಗಿ ಮುಸುಕು ಹಾಕಿಸಿಕೊಂಡು ಕೂತಿದ್ದ ಟೈಪ್ ಮಿಷನ್ನುಗಳ ನಡುವೆ ಇಬ್ಬರೂ ಎರಡು ವಾಚನ್ನೂ ಮತ್ತೊಮ್ಮೆ ಪಕ್ಕಪಕ್ಕ ಹಿಡಿದು ನೋಡಿದರು.

"ಕೈ ಅಲ್ಲ ಕಣೇ," ಎಂದು ಜಲಜಾ ಪಿಸುಗುಟ್ಟಿದಳು. "ವಾಚು."

ಜಗದಾಂಬಾ ಸ್ಟಾಪಿಗೆ ಹೋಗಲಿಲ್ಲ. ಇಬ್ಬರೂ ವಾಚ್ ರಿಪೇರಿಯ ರಾಮಯ್ಯನ ಅಂಗಡಿಗೆ ಹೋದರು. ರಾಮಯ್ಯ ಹಿಂದಿನ ಮುಚ್ಚಳ ತೆಗೆದು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ.

"ಇಲ್ಲೊಂದು ಸಣ್ಣ ಕಡ್ಡಿ ಇದೆ ನೋಡಮ್ಮ. ಈ ಕಡೆ ತಳ್ಳಿದ್ರೆ ಓಟ ಜಾಸ್ತಿ, ಆ ಕಡೆ ತಳ್ಳಿದ್ರೆ ನಿಧಾನ. ಯಾರೋ ಕೊನೇವರೆಗೂ ನಿಧಾನಕ್ಕೆ ತಳ್ಳಿದಾರೆ. ಮುಚ್ಚಳ ಚಾಕೂಲಿ ಎಬ್ಬಿಸಿದ ಗೀರೂ ಇದೆ. ತಾನಾಗಿ ಆಗೋದಲ್ಲ. ವಾಚು ಬೇರೆ ಯಾರ ಕೈಗಾದ್ರೂ ಹೋಗಿತ್ತಾ?"

"ಇಲ್ಲ," ಎಂದಳು ಜಗದಾಂಬಾ. "ಕೊಟ್ಟೋರದ್ದು ಬಿಟ್ರೆ ನನ್ನದೇ."

ಅವಳ ಬಲಗೈ ಗಾಜಿನ ಪೆಟ್ಟಿಗೆಯ ಮೇಲೆ ಖುಲಾಸೆಯಾದ ಆರೋಪಿಯಂತೆ ಸುಮ್ಮನೆ ಬಿದ್ದಿತ್ತು. ಇದರ ಪರವಾಗಿ ನಾಲ್ಕು ತಿಂಗಳು ದಿನಕ್ಕೊಂದು ಸಲ ಕ್ಷಮೆ ಕೇಳಿದ್ದಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಮದುವೆ ಬೇಡ ಅಂತ ಅಪ್ಪಂಗೆ ಇವತ್ತೇ ಹೇಳ್ತೀನಿ ಜಲಜಾ."

ರಾಮಯ್ಯ ಕೆಲಸದಲ್ಲಿ ಕೊರತೆ ಇಡುವವನಲ್ಲ. ಕಡ್ಡಿಯನ್ನು ನಡುವಿಗೆ ತಂದ, ಅರಗನ್ನು ಚೂರೂ ಉಳಿಯದಂತೆ ಕೆರೆದ, ಗೀರು ಮಾಯವಾಗುವವರೆಗೆ ಮುಚ್ಚಳವನ್ನು ಉಜ್ಜಿದ. "ತಗೊಳ್ಳಿ. ಇನ್ನು ಒಂದು ಸೆಕೆಂಡ್ ಆಚೀಚೆ ಆಗಲ್ಲ."

ಮನೆ ಸೇರಿದಾಗ ಗುರುಸಿದ್ದಯ್ಯ ನಡುಮನೆಯಲ್ಲಿ ಕೂತಿದ್ದ. ಎದುರಿಗೆ ಚನ್ನಮಲ್ಲಪ್ಪನವರು, ಬಾಗಿಲಲ್ಲಿ ಕಲ್ಯಾಣಮ್ಮ.

"ಇವತ್ತು ಏಳಲ್ಲ," ಎಂದ ಮೆಲ್ಲಗೆ. "ಎಂಬತ್ತೆಂಟು ನಿಮಿಷ."

ಜಗದಾಂಬಾ ವಾಚು ಬಿಚ್ಚಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಮದುವೆ ಬೇಡವೆಂಬುದನ್ನೂ ಹೇಳಿದಳು. ಅಷ್ಟರಲ್ಲಿ ರೇಡಿಯೋ ಕುಯ್ಯೆಂದು ಏಳು ಗಂಟೆ ಸಾರಿತು. ಚನ್ನಮಲ್ಲಪ್ಪನವರು ಕನ್ನಡಕ ಏರಿಸಿ ವಾಚು ನೋಡಿದರು. ಸರಿಯಾಗಿ ಏಳು.

"ಸರಿಯಾಗೇ ನಡೀತಿದೆಯಲ್ಲಮ್ಮ."

"ಈಗ ರಾಮಯ್ಯ ಸರಿ ಮಾಡಿಕೊಟ್ಟ ಅಪ್ಪ. ಮುಚ್ಚಳದ ಮೇಲೆ ಗೀರಿತ್ತು..." ತಿರುಗಿಸಿದಳು. ಮುಚ್ಚಳ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಅವಳ ಮುಖವೇ ಕಂಡಿತು. "ಜಲಜಾನ ಕೇಳಿ. ಅವಳೇ ಅರಗು ಹಾಕಿ ಇಲಾಖೆ ಮೊಹರು ಒತ್ತಿದ್ಲು."

"ಯಾವುದಕ್ಕೆ?"

"ವಾಚಿಗೆ. ನನ್ನ ಕೈ ನಂಗೆ ಗೊತ್ತಿಲ್ದೆ ತಿರುಗಿಸುತ್ತೋ ಇಲ್ವೋ ನೋಡೋಕೆ."

ಹೇಳಿದ ಮೇಲೆ ಆ ಮಾತು ಹೇಗೆ ಕೇಳಿಸಿತೆಂಬುದು ಅವಳಿಗೂ ಕೇಳಿಸಿತು. ಕಲ್ಯಾಣಮ್ಮ ಬಂದು ಅವಳ ಹಣೆ ಮುಟ್ಟಿ ನೋಡಿದರು.

ಗುರುಸಿದ್ದಯ್ಯನ ಕಣ್ಣು ತೇವವಾಗಿತ್ತು. "ನಾನು ಏನೂ ಅಂದ್ಕೊಳ್ಳಲ್ಲ ಮಾವ. ಹೇಗಿದ್ರೂ ಮಾಡ್ಕೋತೀನಿ. ಒಬ್ಬಳನ್ನೇ ಹೊರಗೆ ಕಳಿಸೋದು ಮಾತ್ರ ಇನ್ನು ಬೇಡ."

"ರಾಮಯ್ಯನ್ನಾದ್ರೂ ಕರೆಸಿ ಅಪ್ಪ."

"ವಾಚ್ ರಿಪೇರಿಯವನ ಮಾತು ಕೇಳಿ ಇಂಥ ಅಳಿಯನ್ನ ಬಿಡ್ಲಾ?" ಎಂದು ಚನ್ನಮಲ್ಲಪ್ಪನವರು ಎದ್ದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

ಸೋಮವಾರ ಜಗದಾಂಬಾಳ ರಾಜೀನಾಮೆ ಕಚೇರಿಗೆ ಹೋಯಿತು. ಮುಂದಿನ ತಿಂಗಳಿಗಿದ್ದ ಮದುವೆ ಆ ವಾರವೇ ನಡೆಯಿತು.